ಸೋತದ್ದನ್ನೂ ಲೆಕ್ಕದಲ್ಲಿ ಬರೆದ ಸರ್ಜನ್: ಹಾರ್ವೆ ಕುಶಿಂಗ್ ಮತ್ತು ನಮ್ಮ ಮಕ್ಕಳ ತಲೆಯೊಳಗಿನ ಗಡ್ಡೆ

ನನ್ನ ಅಕ್ಕನ ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಮೂರನೇ ಕ್ಲಾಸಿನ ಯೂನಿಫಾರ್ಮನ್ನೇ ಹಾಕ್ತಿದ್ದಳು. ಬಟ್ಟೆ ಗಿಡ್ಡ ಆಗ್ತಾನೇ ಇಲ್ಲ, ದುಡ್ಡು ಉಳೀತು ಅಂತ ಮನೆಯಲ್ಲಿ ತಮಾಷೆ ಮಾಡ್ತಿದ್ದೆವು. ರಾತ್ರಿ ಎರಡು ಮೂರು ಸಲ ಎದ್ದು ಚೊಂಬುಗಟ್ಟಲೆ ನೀರು ಕುಡಿಯೋಳು. ಬೋರ್ಡು ಕಾಣಲ್ಲ ಅಂದಾಗ ಕನ್ನಡಕ ಕೊಡಿಸಿದೆವು. ಆರು ತಿಂಗಳಲ್ಲಿ ನಂಬರ್ ಬದಲಾಯಿತು, ಮತ್ತೊಮ್ಮೆ ಬದಲಾಯಿತು. ಬೆಳಗ್ಗೆ ಎದ್ದ ಕೂಡಲೇ ಬರುತ್ತಿದ್ದ ತಲೆನೋವು, ವಾಂತಿಗೆ ಗ್ಯಾಸ್ಟ್ರಿಕ್ ಅಂತ ಸಿರಪ್ ಬಂತು. ಎತ್ತರ, ನೀರಡಿಕೆ, ಕಣ್ಣು, ತಲೆನೋವು: ಈ ನಾಲ್ಕೂ ಒಂದೇ ಜಾಗದಿಂದ ಹೊರಟಿವೆ ಅಂತ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಎಂಆರ್‌ಐ ಆದಮೇಲೆ ಒಬ್ಬ ಸರ್ಜನ್ ನಮ್ಮನ್ನು ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬರೆದರು. ಮೂಗು, ಅದರ ಹಿಂದೆ ಒಂದು ಟೊಳ್ಳು, ಅದರಾಚೆ ತಲೆಬುರುಡೆಯ ತಳ, ಅಲ್ಲೊಂದು ಗಡ್ಡೆ. ಮೂಗಿನ ಒಳಗಿಂದಲೇ ಹೋಗಿ ತೆಗೀತೀವಿ ಅಂದರು. ಇಂಥ ಆಪರೇಷನ್ ಎಷ್ಟು ಮಕ್ಕಳಿಗೆ ಮಾಡಿದ್ದೀರಿ, ಅವರಲ್ಲಿ ಎಷ್ಟು ಜನ ಈಗ ಶಾಲೆಗೆ ಹೋಗ್ತಿದ್ದಾರೆ ಅಂತ ನಾನು ಕೇಳಿದೆ. ಅವರು ಸಿಟ್ಟಾಗಲಿಲ್ಲ. ತುಂಬಾ ಮಾಡಿದ್ದೀವಿ, ರಿಸಲ್ಟ್ ಚೆನ್ನಾಗಿದೆ ಅಂದರು. ಅಂಕಿ ಮಾತ್ರ ಬರಲಿಲ್ಲ. ಅದು ಅವರೊಬ್ಬರ ತಪ್ಪು ಅಂತ ನನಗೆ ಈಗಲೂ ಅನಿಸುವುದಿಲ್ಲ. ಅಂಥ ಅಂಕಿಯನ್ನು ಇಟ್ಟುಕೊಳ್ಳಿ ಅಂತ ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಆಪರೇಷನ್‌ಗೆ ಕಾಯುತ್ತಿದ್ದ ದಿನಗಳಲ್ಲಿ ಈ ಮೂಗಿನ ದಾರಿಯನ್ನು ಯಾರು ಕಂಡುಹಿಡಿದರು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ಅಮೆರಿಕದ ಹಾರ್ವೆ ಕುಶಿಂಗ್. ಮೆಡಿಕಲ್ ಓದಿದವರಿಗೆ ಕುಶಿಂಗ್ ಕಾಯಿಲೆ ಅನ್ನುವ ಹೆಸರು ಗೊತ್ತಿರುತ್ತದೆ. ನನಗೆ ಮುಖ್ಯ ಅನಿಸಿದ್ದು ಬೇರೆ. ಮಿದುಳಿಗೆ ಕೈ ಹಾಕಿದರೆ ಸಾವು ಅಂತಲೇ ಜನ ನಂಬಿದ್ದ ಕಾಲದಲ್ಲಿ, ಆತ ತನ್ನ ಕೈಯಲ್ಲಿ ಸತ್ತವರನ್ನೂ ಎಣಿಸಿದ, ಬರೆದ, ಅಚ್ಚು ಮಾಡಿಸಿದ.

ಈಥರ್ ಕೊಟ್ಟ ಹುಡುಗ

ಕುಶಿಂಗ್ ಹುಟ್ಟಿದ್ದು 1869ರ ಏಪ್ರಿಲ್ 8ರಂದು, ಓಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವ. ಅಪ್ಪ ಡಾಕ್ಟರ್, ಅಜ್ಜ ಡಾಕ್ಟರ್, ಮುತ್ತಜ್ಜನೂ ಡಾಕ್ಟರ್. ಅಂದರೆ ಬಡತನದಿಂದ ಎದ್ದು ಬಂದ ಕಥೆ ಇದಲ್ಲ. ಯೇಲ್‌ನಲ್ಲಿ ಓದಿ, ಹಾರ್ವರ್ಡ್ ಮೆಡಿಕಲ್ ಸ್ಕೂಲಿಗೆ ಸೇರಿದ.

ಅಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಆತನ ಬದುಕು ತಿರುಗಿತು. ಆಗ ರೋಗಿಗೆ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೇ ವಹಿಸುತ್ತಿದ್ದರು. ತರಬೇತಿ ಅಂತ ಏನೂ ಇರಲಿಲ್ಲ. ಕುಶಿಂಗ್ ಈಥರ್ ಕೊಟ್ಟ ರೋಗಿಯೊಬ್ಬ ಆಪರೇಷನ್ ಟೇಬಲ್ ಮೇಲೆಯೇ ಸತ್ತ. ದೊಡ್ಡವರು ಅದನ್ನು ಮಾಮೂಲಿ ಸಂಗತಿಯಂತೆ ತೆಗೆದುಕೊಂಡರು. ಈ ಹುಡುಗನಿಗೆ ಹಾಗೆ ಆಗಲಿಲ್ಲ, ವೈದ್ಯಕೀಯವೇ ಬೇಡ ಅನ್ನುವ ಮಟ್ಟಕ್ಕೆ ಹೋದ.

ಬಿಡಲಿಲ್ಲ. ಸಹಪಾಠಿ ಅರ್ನೆಸ್ಟ್ ಆಮೊರಿ ಕಾಡ್‌ಮನ್ ಜೊತೆ ಸೇರಿ 1894-95ರ ಹೊತ್ತಿಗೆ ಒಂದು ಸಣ್ಣ ಕೆಲಸ ಶುರು ಮಾಡಿದ. ಈಥರ್ ಕೊಡುವಾಗ ಆಗಾಗ ನಾಡಿ ಎಷ್ಟು, ಉಸಿರು ಎಷ್ಟು ಅಂತ ಒಂದು ಚಾರ್ಟಿನಲ್ಲಿ ಗುರುತು ಹಾಕುವುದು. ಇವತ್ತು ಯಾವ ಆಪರೇಷನ್ ಥಿಯೇಟರಿಗೆ ಹೋದರೂ ಅರಿವಳಿಕೆ ಡಾಕ್ಟರು ತುಂಬುವ ಹಾಳೆಯ ಮೂಲ ಇದು. ಇಬ್ಬರು ವಿದ್ಯಾರ್ಥಿಗಳು, ಒಂದು ಸಾವಿನ ನಾಚಿಕೆ, ಒಂದು ಕಾಗದ.

ಈ ಕಾಡ್‌ಮನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಯಾಕಂದರೆ ಇಬ್ಬರು ಗೆಳೆಯರ ದಾರಿ ಮುಂದೆ ಬೇರೆಯಾಯಿತು. ಕಾಡ್‌ಮನ್ ಈ ಚಾರ್ಟನ್ನು ಇಡೀ ಆಸ್ಪತ್ರೆಗೆ ಹಿಗ್ಗಿಸಿದ. ಪ್ರತಿ ರೋಗಿಯನ್ನೂ ಮನೆಗೆ ಕಳಿಸಿದ ಮೇಲೂ ಹಿಂಬಾಲಿಸಿ, ಚಿಕಿತ್ಸೆ ಫಲಿಸಿತಾ, ಇಲ್ಲವಾದರೆ ಯಾಕೆ ಅಂತ ಬರೆದು ಜನರ ಮುಂದಿಡಬೇಕು ಅಂತ ಹಟ ಹಿಡಿದ. ತನ್ನದೇ ಸಣ್ಣ ಆಸ್ಪತ್ರೆ ತೆರೆದು 1911ರಿಂದ 1916ರವರೆಗೆ ಬಿಡುಗಡೆಯಾದ 337 ರೋಗಿಗಳ ಲೆಕ್ಕ ಪ್ರಕಟಿಸಿದ. ಅದರಲ್ಲಿ 123 ತಪ್ಪುಗಳನ್ನು ತಾನೇ ಒಪ್ಪಿಕೊಂಡ. ಬಾಸ್ಟನ್ನಿನ ವೈದ್ಯ ವಲಯ ಆತನನ್ನು ದೂರ ಇಟ್ಟಿತು. ವ್ಯವಸ್ಥೆಯನ್ನು ಪ್ರಶ್ನೆ ಮಾಡಿದವ ಮೂಲೆಗೆ ಸರಿದ. ಅದೇ ಶಿಸ್ತನ್ನು ತನ್ನ ವಾರ್ಡಿನ ಮಟ್ಟಿಗೆ ಇಟ್ಟುಕೊಂಡ ಕುಶಿಂಗ್ ಜಗತ್ಪ್ರಸಿದ್ಧನಾದ. ಈ ವ್ಯತ್ಯಾಸ ನೆನಪಿರಲಿ, ಕೊನೆಗೆ ಬೇಕಾಗುತ್ತದೆ.

ತಪ್ಪಿಹೋದ ಹುಡುಗಿ

1896ರಲ್ಲಿ ಕುಶಿಂಗ್ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಸೇರಿದ. ಅಲ್ಲಿ ಗುರು ವಿಲಿಯಂ ಹಾಲ್‌ಸ್ಟೆಡ್. ನಿಧಾನವಾಗಿ, ರಕ್ತ ಪೋಲಾಗದಂತೆ, ಅಂಗಾಂಶ ಹರಿಯದಂತೆ ಆಪರೇಷನ್ ಮಾಡುವುದನ್ನು ಕಲಿಸಿದವರು. ಅದಕ್ಕೂ ಹಿಂದೆ ಸರ್ಜನ್ ಅಂದರೆ ಗಡಿಯಾರ ನೋಡಿಕೊಂಡು ಬೇಗ ಮುಗಿಸುವವ. ಮಿದುಳಿಗೆ ಆ ಅವಸರ ಆಗಿಬರುವುದಿಲ್ಲ.

1900-01ರಲ್ಲಿ ಯುರೋಪು ಸುತ್ತಿದ. ಬರ್ನ್‌ನಲ್ಲಿ ಕೋಖರ್ ಹತ್ತಿರ ಇದ್ದು, ತಲೆಬುರುಡೆಯೊಳಗೆ ಒತ್ತಡ ಏರಿದಾಗ ರಕ್ತದೊತ್ತಡವೂ ಏರುತ್ತದೆ ಅನ್ನುವುದನ್ನು ಪ್ರಯೋಗ ಮಾಡಿ ತೋರಿಸಿದ. ಇಟಲಿಯ ಪಾವಿಯಾದಲ್ಲಿ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವ ಸಾಧನ ಕಂಡ, ಅದನ್ನು ಅಮೆರಿಕಕ್ಕೆ ತಂದ. ಇವತ್ತು ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಇರುವ ಸಾಧನದ ಮೂಲ ಅದೇ.

ಊರಿಗೆ ಬಂದಮೇಲೆ ಮಿದುಳಿನ ಶಸ್ತ್ರಚಿಕಿತ್ಸೆಯನ್ನೇ ಹಿಡಿದ. ಆಗಲೇ ಆತನ ಬಳಿ ಹದಿಹರೆಯದ ಒಬ್ಬ ಹುಡುಗಿ ಬಂದಳು. ತಲೆನೋವು, ಕಣ್ಣು ಮಂದ, ಮೈ ದಪ್ಪ, ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲ. ತಲೆಯೊಳಗೆ ಗಡ್ಡೆ ಇದೆ ಅಂತ ಕುಶಿಂಗ್‌ಗೆ ಗೊತ್ತಾಯಿತು, ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಒಂದಲ್ಲ, ಹಲವು ಸಲ ಬುರುಡೆ ತೆರೆದ. ಏನೂ ಸಿಗಲಿಲ್ಲ. ಹುಡುಗಿ ಸತ್ತಳು. ಶವಪರೀಕ್ಷೆಯಲ್ಲಿ ಗಡ್ಡೆ ಸಿಕ್ಕಿದ್ದು ಬುರುಡೆಯ ತಳದಲ್ಲಿ, ಪಿಟ್ಯುಟರಿ ಗ್ರಂಥಿಯ ಜಾಗದಲ್ಲಿ. ಹುಡುಗಿಯ ಬೆಳವಣಿಗೆ ನಿಂತಿದ್ದೇ ಗಡ್ಡೆಯ ವಿಳಾಸ ಹೇಳುತ್ತಿತ್ತು. ಓದುವುದು ಕುಶಿಂಗ್‌ಗೆ ಬರಲಿಲ್ಲ. ಅದೇ ಹೊತ್ತಿಗೆ, 1901ರಲ್ಲಿ, ವಿಯೆನ್ನಾದ ಫ್ರೋಲಿಶ್ ಇಂಥದೇ ಲಕ್ಷಣಗಳ ಒಬ್ಬ ಹುಡುಗನನ್ನು ನೋಡಿ ಪಿಟ್ಯುಟರಿ ಕಡೆಗೇ ಬೆರಳು ತೋರಿಸಿದ್ದ.

ಇಲ್ಲಿ ಬೇರೆ ಯಾರೇ ಆಗಿದ್ದರೂ ಆ ಕಡತವನ್ನು ಕಪಾಟಿನ ತಳಕ್ಕೆ ಹಾಕುತ್ತಿದ್ದರು. ಕುಶಿಂಗ್ 1906ರಲ್ಲಿ ಬರೆದ ಲೇಖನದಲ್ಲಿ ತಾನು ತಪ್ಪಿದ ಈ ಹುಡುಗಿಯ ಪ್ರಕರಣವನ್ನೇ ಮುಂದಿಟ್ಟ. ಆಮೇಲಿನ ವರ್ಷಗಳಲ್ಲಿ ಆ ಕಡಲೆಕಾಳಿನ ಗಾತ್ರದ ಗ್ರಂಥಿಯ ಬೆನ್ನು ಬಿಡಲಿಲ್ಲ. ಎತ್ತರ, ನೀರು, ಋತುಚಕ್ರ, ಒತ್ತಡ ತಾಳುವ ಶಕ್ತಿ ಎಲ್ಲಕ್ಕೂ ಅದರ ಕೈವಾಡ ಇದೆ ಅನ್ನುವುದು ಮೆಲ್ಲಗೆ ಬಿಚ್ಚಿಕೊಂಡಿತು. 1912ರಲ್ಲಿ ಅದರ ಮೇಲೆ ಇಡೀ ಪುಸ್ತಕ ಬರೆದ.

ಎಕ್ಸ್‌ರೇ ಹೊಸದು, ಸ್ಕ್ಯಾನ್ ಇಲ್ಲದ ಕಾಲ. ಮಗುವಿನ ದೇಹವನ್ನೇ ಓದಬೇಕಿತ್ತು. ನಮ್ಮ ಹುಡುಗಿಯ ಯೂನಿಫಾರ್ಮ್ ನನಗೆ ನೆನಪಾಗುವುದು ಇಲ್ಲಿಯೇ. ನೂರು ವರ್ಷಕ್ಕೂ ಹಿಂದೆ ಬರೆದಿಟ್ಟ ಪಾಠ ನಮ್ಮ ತಾಲ್ಲೂಕಿಗೆ ಇನ್ನೂ ತಲುಪಿರಲಿಲ್ಲ.

ಮೂಗಿನ ದಾರಿ

ತಲೆಬುರುಡೆಯ ತಳ ಅಂದರೆ ಮಿದುಳು ಕೂತಿರುವ ನೆಲ. ಆ ನೆಲದ ನಟ್ಟನಡುವೆ ಒಂದು ಸಣ್ಣ ಗುಳಿ, ಅದರಲ್ಲಿ ಪಿಟ್ಯುಟರಿ. ಮೇಲೆ ಎರಡೂ ಕಣ್ಣಿನ ನರಗಳು ಅಡ್ಡ ಹಾಯುತ್ತವೆ. ಅಕ್ಕಪಕ್ಕದಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿಗಳು. ಇನ್ನೂ ಮೇಲೆ ಹಸಿವು, ನಿದ್ದೆ, ಬಾಯಾರಿಕೆಯನ್ನು ನಡೆಸುವ ಹೈಪೋಥಲಾಮಸ್. ಮೇಲಿನಿಂದ ಹೋದರೆ ಇಡೀ ಮಿದುಳನ್ನು ಎತ್ತಿ ಸರಿಸಬೇಕು. ಕೆಳಗಿನಿಂದ ಹೋದರೆ ಮೂಗು, ಅದರ ಹಿಂದಿನ ಗಾಳಿಗೂಡು, ತೆಳು ಮೂಳೆ, ಅಷ್ಟೇ.

ಕೆಳಗಿನಿಂದ ಮೊದಲು ಹೋದವ ಕುಶಿಂಗ್ ಅಲ್ಲ. 1907ರಲ್ಲಿ ಆಸ್ಟ್ರಿಯಾದ ಶ್ಲೋಫರ್ ಮೂಗನ್ನೇ ಹೊರಗಿನಿಂದ ಕತ್ತರಿಸಿ ಮಗುಚಿ ಒಳಹೊಕ್ಕಿದ್ದ. ಕುಶಿಂಗ್ 1909ರಲ್ಲಿ ಶುರು ಮಾಡಿ, ಮುಂದಿನ ವರ್ಷವೇ ದಾರಿಯನ್ನು ಬದಲಾಯಿಸಿದ. ಮೇಲ್ದುಟಿಯ ಒಳಗೆ ಸಣ್ಣದಾಗಿ ಕೊಯ್ದು, ಮೂಗಿನ ನಡುಗೋಡೆಯ ಬದಿಯಿಂದ ಹಿಂದಕ್ಕೆ ಸಾಗುವುದು. ಮುಖದ ಮೇಲೆ ಗಾಯವಿಲ್ಲ. ಹಣೆಗೆ ದೀಪ ಕಟ್ಟಿಕೊಂಡು, ಬೆರಳಗಲದ ಕೊಳವೆಯಂಥ ಜಾಗದಲ್ಲಿ ಕೆಲಸ. 1910ರಿಂದ 1925ರ ನಡುವೆ 231 ಪಿಟ್ಯುಟರಿ ಗಡ್ಡೆಗಳನ್ನು ಆತ ಈ ದಾರಿಯಲ್ಲಿ ಮುಟ್ಟಿದ. ಸತ್ತವರು 5.6%. ಆ್ಯಂಟಿಬಯಾಟಿಕ್ ಇರಲಿಲ್ಲ, ಸ್ಟೀರಾಯ್ಡ್ ಇರಲಿಲ್ಲ, ಮೈಕ್ರೋಸ್ಕೋಪ್ ಇರಲಿಲ್ಲ. ಆ ಅಂಕಿ ನಮಗೆ ಗೊತ್ತಿರುವುದು ಆತ ಬರೆದಿಟ್ಟ ಕಾರಣಕ್ಕೆ.

ಹಾಗಂತ ಕುಶಿಂಗನನ್ನು ದೇವರು ಮಾಡಬೇಕಾಗಿಲ್ಲ. ಅಸಾಧಾರಣ ಎತ್ತರ ಬೆಳೆದಿದ್ದ ರೋಗಿಯೊಬ್ಬ ಸತ್ತಾಗ ಮನೆಯವರು ಶವಪರೀಕ್ಷೆಗೆ ಒಪ್ಪಲಿಲ್ಲ. ಆತನ ಕಿರಿಯ ವೈದ್ಯರು ಅಂತ್ಯಸಂಸ್ಕಾರ ಮಾಡಿಸುವವನ ಕೈಗೆ ದುಡ್ಡು ಕೊಟ್ಟು ಗುಟ್ಟಾಗಿ ಗ್ರಂಥಿಯನ್ನು ತೆಗೆದುಕೊಂಡು ಬಂದರು. ಸತ್ತು ಹುಟ್ಟಿದ ಮಗುವಿನ ಪಿಟ್ಯುಟರಿಯನ್ನು ಇನ್ನೊಬ್ಬ ರೋಗಿಯ ತಲೆಯೊಳಗೆ ನೆಟ್ಟು ನೋಡಿದ್ದೂ ಇದೆ. ಆ ಕಾಲದ ಹಾಪ್‌ಕಿನ್ಸ್‌ನಲ್ಲಿ ಕಪ್ಪು ಜನರಿಗೆ ಬೇರೆ ವಾರ್ಡು. ಒಪ್ಪಿಗೆ ಅನ್ನುವ ಮಾತಿಗೆ ಇವತ್ತಿನ ಅರ್ಥ ಇರಲಿಲ್ಲ. ಇವತ್ತು ನಮ್ಮ ಮಕ್ಕಳನ್ನು ಉಳಿಸುವ ವಿದ್ಯೆಯ ಅಡಿಪಾಯದಲ್ಲಿ, ಕೇಳದೇ ತೆಗೆದುಕೊಂಡ ದೇಹಗಳೂ ಇವೆ. ಅದನ್ನು ಹೇಳದೇ ಕುಶಿಂಗ್ ಜೀವನ ಹೇಳಿದರೆ ಅದು ಭಜನೆ ಆಗುತ್ತದೆ.

ಮನುಷ್ಯನಾಗಿಯೂ ಆತ ಕಠಿಣ. ಥಿಯೇಟರಿನಲ್ಲಿ ಸಹಾಯಕರನ್ನು, ನರ್ಸ್‌ಗಳನ್ನು ಹರಿದು ತಿನ್ನುತ್ತಿದ್ದ. ಕೆಳಗೆ ಕೆಲಸ ಮಾಡಿದ್ದ ವಾಲ್ಟರ್ ಡ್ಯಾಂಡಿ 1918ರಲ್ಲಿ ಮಿದುಳಿನ ಕುಹರಗಳಿಗೆ ಗಾಳಿ ತುಂಬಿ ಎಕ್ಸ್‌ರೇ ತೆಗೆಯುವ ವಿಧಾನ ಕಂಡುಹಿಡಿದಾಗ, ಅದನ್ನು ಒಪ್ಪಲು ಕುಶಿಂಗ್‌ಗೆ ಮನಸ್ಸೇ ಬರಲಿಲ್ಲ. ಇಬ್ಬರ ಜಗಳ ಕೊನೆಯವರೆಗೂ ಆರಲಿಲ್ಲ.

ಲೆಕ್ಕ ಇಟ್ಟವಳು

1912ರಲ್ಲಿ ಕುಶಿಂಗ್ ಬಾಸ್ಟನ್ನಿಗೆ ಬಂದ. ಹೊಸದಾಗಿ ಕಟ್ಟುತ್ತಿದ್ದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯ ಮುಖ್ಯ ಸರ್ಜನ್. ಮುಂದಿನ ಇಪ್ಪತ್ತು ವರ್ಷ ಅಲ್ಲೇ. ನಡುವೆ ಮೊದಲ ಮಹಾಯುದ್ಧ, ಫ್ರಾನ್ಸ್‌ನ ಕೆಸರಿನಲ್ಲಿ ತಲೆಗೆ ಪೆಟ್ಟು ಬಿದ್ದ ಸೈನಿಕರ ಸಾಲು, ಅಲ್ಲಿಂದ ಹತ್ತಿದ ಕಾಲಿನ ಕಾಯಿಲೆ. ವಾಪಸ್ ಬಂದು ಗುರು ಆಸ್ಲರ್ ಅವರ ಜೀವನಚರಿತ್ರೆ ಬರೆದು 1926ರಲ್ಲಿ ಪುಲಿಟ್ಜರ್ ಪಡೆದ. ಅದೇ ವರ್ಷದ ಜೂನ್‌ನಲ್ಲಿ, ಯೇಲ್‌ನಲ್ಲಿ ಓದುತ್ತಿದ್ದ ಹಿರಿಮಗ ವಿಲಿಯಂ ಕಾರು ಅಪಘಾತದಲ್ಲಿ ಸತ್ತ. ಸುದ್ದಿ ಬಂದಾಗ ಕುಶಿಂಗ್ ಆಪರೇಷನ್‌ಗೆ ಹೊರಟಿದ್ದ. ಹೆಂಡತಿಗೆ ತಿಳಿಸಿ, ಒಳಗೆ ಹೋಗಿ ಅಂದಿನ ಆಪರೇಷನ್ ಮುಗಿಸಿದ. ಇದನ್ನು ಧೀರತನ ಅನ್ನುವವರಿದ್ದಾರೆ. ನನಗೆ ಇದು ಓದಿದಾಗ ಭಯವೇ ಆಯಿತು.

ಬ್ರಿಗಮ್‌ನಲ್ಲಿ ಆತ ಕಟ್ಟಿದ್ದು ಒಂದು ದಾಖಲೆ. ಪ್ರತಿ ರೋಗಿಯ ಫೋಟೋ, ಕೈಯಾರೆ ಬಿಡಿಸಿದ ಆಪರೇಷನ್ ಚಿತ್ರ, ಗಡ್ಡೆಯ ತುಣುಕು, ವರ್ಷಗಳ ನಂತರ ಬರೆಸಿಕೊಂಡ ಪತ್ರ. ಗಡ್ಡೆಯನ್ನು ಕಣ್ಣಾರೆ ಕಂಡು, ಸೂಕ್ಷ್ಮದರ್ಶಕದಲ್ಲಿ ಖಾತ್ರಿ ಮಾಡಿಕೊಂಡರೆ ಮಾತ್ರ ಲೆಕ್ಕಕ್ಕೆ. ಈ ಲೆಕ್ಕದ ಹಿಂದೆ ಇದ್ದವರು ಲೂಯಿಸ್ ಐಸೆನ್‌ಹಾರ್ಟ್. 1915ರಲ್ಲಿ ಕುಶಿಂಗ್‌ನ ಕಚೇರಿಗೆ ಬರೆಯುವ ಕೆಲಸಕ್ಕೆ ಬಂದ ಹೆಣ್ಣುಮಗಳು. ಆಮೇಲೆ ತಾವೇ ಮೆಡಿಕಲ್ ಓದಿ 1925ರಲ್ಲಿ ಡಾಕ್ಟರಾದರು, ಮಿದುಳಿನ ಗಡ್ಡೆಗಳ ರೋಗಶಾಸ್ತ್ರಜ್ಞೆಯಾದರು. ಯಾರು ಬದುಕಿದರು, ಯಾರು ಸತ್ತರು ಅನ್ನುವ ಪುಟ್ಟ ಪುಸ್ತಕ ಅವರ ಕೈಯಲ್ಲಿತ್ತು. 1944ರಲ್ಲಿ ಶುರುವಾದ ಜರ್ನಲ್ ಆಫ್ ನ್ಯೂರೋಸರ್ಜರಿಯ ಮೊದಲ ಸಂಪಾದಕರೂ ಅವರೇ. ಕಾಯಿಲೆಗೆ ಹೆಸರು ಸಿಕ್ಕಿದ್ದು ಕುಶಿಂಗ್‌ದು. ಲೆಕ್ಕ ಸುಳ್ಳಾಗದಂತೆ ಕಾದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈ ಲೆಕ್ಕದಲ್ಲಿ ಮಕ್ಕಳು ತುಂಬಾ ಇದ್ದರು. ಪರ್ಸಿವಲ್ ಬೇಲಿ ಜೊತೆ ಸೇರಿ ಕುಶಿಂಗ್ 1925ರಲ್ಲಿ ಮಕ್ಕಳ ಹಿಮ್ಮಿದುಳಿನ ಒಂದು ಗಡ್ಡೆಗೆ ಮೆಡುಲೋಬ್ಲಾಸ್ಟೋಮ ಅಂತ ಹೆಸರಿಟ್ಟ. 1930ರಲ್ಲಿ ಪ್ರಕಟಿಸಿದ 61 ರೋಗಿಗಳ ವರದಿಯಲ್ಲಿ ಮೂರು ವರ್ಷ ದಾಟಿದ್ದು ಒಬ್ಬರೇ. ಆ ಸೋಲನ್ನೂ ಹಾಗೇ ಅಚ್ಚು ಮಾಡಿಸಿದ. ಇವತ್ತು ಅದೇ ಕಾಯಿಲೆಯ ಸಾಧಾರಣ ಅಪಾಯದ ಮಕ್ಕಳಲ್ಲಿ, ಒಳ್ಳೆಯ ಚಿಕಿತ್ಸೆ ಸಿಕ್ಕರೆ, ಹತ್ತರಲ್ಲಿ ಏಳೆಂಟು ಮಂದಿ ಐದು ವರ್ಷ ದಾಟುತ್ತಾರೆ. ಆ 61ರ ಪಟ್ಟಿ ಇರದಿದ್ದರೆ ಈ ಏರಿಕೆಯನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತಿದ್ದೆವು?

1931ರ ಏಪ್ರಿಲ್ 15ರಂದು ಖಾತ್ರಿಯಾದ ಎರಡು ಸಾವಿರದನೇ ಗಡ್ಡೆಯ ಆಪರೇಷನ್ ಮಾಡಿದ. ಮರುವರ್ಷ ಅವೆಲ್ಲದರ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಕೊಟ್ಟ. ಅದರಲ್ಲಿ 92 ಗಡ್ಡೆಗಳಿಗೆ ಕ್ರೇನಿಯೋಫ್ಯಾರಿಂಜಿಯೋಮ ಅನ್ನುವ ಹೆಸರು. ಆ ಹೆಸರನ್ನು ಬಳಕೆಗೆ ತಂದವನೂ ಆತನೇ. ಮಗು ಗರ್ಭದಲ್ಲಿದ್ದಾಗ ಪಿಟ್ಯುಟರಿ ರೂಪುಗೊಳ್ಳುವ ದಾರಿಯಲ್ಲಿ ಉಳಿದುಹೋದ ಜೀವಕೋಶಗಳಿಂದ ಬೆಳೆಯುವ ಗಡ್ಡೆ. ಕ್ಯಾನ್ಸರ್ ಅಲ್ಲ. ಆದರೆ ಸುಣ್ಣದ ಹರಳು, ಎಂಜಿನ್ ಆಯಿಲ್‌ನಂಥ ದ್ರವ ತುಂಬಿಕೊಂಡು ಕಣ್ಣಿನ ನರಕ್ಕೂ ಹೈಪೋಥಲಾಮಸ್‌ಗೂ ಅಂಟಿಕೊಳ್ಳುತ್ತದೆ. ಮಿದುಳಿನ ಸರ್ಜನ್ ಎದುರಿಸುವ ಅತಿ ಕಷ್ಟದ ಸವಾಲುಗಳಲ್ಲಿ ಇದೂ ಒಂದು ಅಂತ ಕುಶಿಂಗ್ ಒಪ್ಪಿಕೊಂಡ. ನಮ್ಮ ಹುಡುಗಿಯ ರಿಪೋರ್ಟಿನಲ್ಲಿದ್ದದ್ದು ಇದೇ ಹೆಸರು.

ಬಿಟ್ಟ ದಾರಿ, ಹಿಡಿದ ಶಿಷ್ಯ

ವಿಚಿತ್ರ ಅಂದರೆ, ಮೂಗಿನ ದಾರಿಯನ್ನು ಕುಶಿಂಗ್ ತಾನೇ ಕೈಬಿಟ್ಟ. ಮೇಲಿನಿಂದ ಹೋದರೆ ಗಡ್ಡೆ ಚೆನ್ನಾಗಿ ಕಾಣುತ್ತದೆ, ಕಣ್ಣಿನ ನರ ಬಿಡಿಸುವುದು ಸುಲಭ ಅಂತ 1920ರ ದಶಕದ ಕೊನೆಗೆ ಬುರುಡೆ ತೆರೆಯುವ ವಿಧಾನಕ್ಕೆ ಹೊರಳಿದ. ಗುರು ಬಿಟ್ಟದ್ದನ್ನು ಹೆಚ್ಚುಕಮ್ಮಿ ಎಲ್ಲರೂ ಬಿಟ್ಟರು. ಎಡಿನ್‌ಬರೋದ ನಾರ್ಮನ್ ಡಾಟ್ ಬಿಡಲಿಲ್ಲ. ಡಾಟ್‌ನಿಂದ ಪ್ಯಾರಿಸ್ಸಿನ ಜೆರಾರ್ ಗಿಯೊ ಕಲಿತ. ಗಿಯೊನಿಂದ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿ ಕಲಿತು, 1960ರ ದಶಕದಲ್ಲಿ ಅದಕ್ಕೆ ಮೈಕ್ರೋಸ್ಕೋಪ್ ಸೇರಿಸಿದ. ಆಮೇಲೆ ಎಂಡೋಸ್ಕೋಪ್ ಬಂತು. ಮೂವರು ಮೊಂಡರು ಇರದಿದ್ದರೆ ನಮ್ಮ ಸರ್ಜನ್ ಕಾಗದದ ಮೇಲೆ ಆ ಚಿತ್ರ ಬರೆಯುತ್ತಿರಲಿಲ್ಲ.

ಮಕ್ಕಳಿಗೆ ಈ ದಾರಿ ಇನ್ನೂ ಇಕ್ಕಟ್ಟು. ದೊಡ್ಡವರಲ್ಲಿ ಮೂಗಿನ ಹಿಂದೆ ಗಾಳಿ ತುಂಬಿದ ಗೂಡಿರುವ ಜಾಗ, ಚಿಕ್ಕ ಮಕ್ಕಳಲ್ಲಿ ಇನ್ನೂ ಗಟ್ಟಿ ಮೂಳೆ. ಡ್ರಿಲ್ ಮಾಡಿಕೊಂಡೇ ಹೋಗಬೇಕು. ಮೂಗಿನ ಹೊಳ್ಳೆ ಕಿರಿದು. ಕೆಲಸ ಮುಗಿದ ಮೇಲೆ ಮಿದುಳಿನ ನೀರು ಮೂಗಿಗೆ ಸೋರದಂತೆ ತಳವನ್ನು ಮುಚ್ಚಬೇಕು. ಅದಕ್ಕೆ ಮೂಗಿನ ನಡುಗೋಡೆಯ ಪದರವನ್ನೇ, ರಕ್ತನಾಳದ ಸಮೇತ, ಮಡಚಿ ಹಾಸುವ ವಿಧಾನ ಪ್ರಕಟವಾಗಿದ್ದು 2006ರಲ್ಲಿ.

ಮಕ್ಕಳು ಸಣ್ಣ ಸೈಜಿನ ದೊಡ್ಡವರಲ್ಲ ಅನ್ನುವುದು ಕುಶಿಂಗ್‌ನ ಕೈಕೆಳಗೆ ಕಲಿತ ಫ್ರಾಂಕ್ ಇಂಗ್ರಹಾಂನಿಂದ ನೆಲೆ ಕಂಡಿತು. 1929ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳಿಗೆಂದೇ ನರಶಸ್ತ್ರಚಿಕಿತ್ಸೆಯ ವಿಭಾಗ ಶುರುವಾಯಿತು. ಅಲ್ಲಿಯೂ ಕ್ರೇನಿಯೋಫ್ಯಾರಿಂಜಿಯೋಮ ಮಕ್ಕಳು ಆಪರೇಷನ್ ಗೆದ್ದು, ಒಂದೆರಡು ದಿನದಲ್ಲಿ ಕುಸಿದು ಸಾಯುತ್ತಿದ್ದರು. ಪಿಟ್ಯುಟರಿ ಸುಮ್ಮನಾದರೆ ದೇಹಕ್ಕೆ ಕಾರ್ಟಿಸಾಲ್ ಸಿಗುವುದಿಲ್ಲ, ಬಿ.ಪಿ. ಬಿದ್ದುಹೋಗುತ್ತದೆ. ಕಾರ್ಟಿಸೋನ್ ಔಷಧಿಯಾಗಿ ಬಂದ ಮೇಲೆ, 1952ರಲ್ಲಿ ಇಂಗ್ರಹಾಂ, ಮ್ಯಾಟ್ಸನ್ ಮತ್ತು ಜೊತೆಗಾರರು ಅದನ್ನು ಕೊಟ್ಟು ಈ ಮಕ್ಕಳನ್ನು ಉಳಿಸಬಹುದು ಅಂತ ತೋರಿಸಿದರು. ಚಾಕುವಿಗಿಂತ ಮಾತ್ರೆ ದೊಡ್ಡದು ಅನ್ನಿಸಿದ ಘಟ್ಟ ಅದು.

ಕುಶಿಂಗ್ ಅದನ್ನು ನೋಡಲು ಇರಲಿಲ್ಲ. 1932ರಲ್ಲಿ ಬ್ರಿಗಮ್‌ನಿಂದ ನಿವೃತ್ತನಾಗಿ ಯೇಲ್‌ಗೆ ಹೋದ. ಸಿಗರೇಟು ಬಿಡದ ಮನುಷ್ಯ. 1939ರ ಅಕ್ಟೋಬರ್ 7ರಂದು ಹೃದಯಾಘಾತದಿಂದ ತೀರಿಕೊಂಡ. ಶವಪರೀಕ್ಷೆ ಮಾಡಿದಾಗ ಆತನ ಮಿದುಳಿನೊಳಗೇ ಒಂದು ಸಣ್ಣ, ನಿರುಪದ್ರವಿ ಗಡ್ಡೆ ಇತ್ತು.

ಆತನ ಸಂಗ್ರಹದ ಜಾಡಿಗಳು, ಫೋಟೋಗಳು ಯೇಲ್‌ನ ಹಾಸ್ಟೆಲ್ ಒಂದರ ನೆಲಮಾಳಿಗೆಯಲ್ಲಿ ದಶಕಗಳ ಕಾಲ ಧೂಳು ತಿಂದವು. ವಿದ್ಯಾರ್ಥಿಗಳು ಟಾರ್ಚ್ ಹಿಡಿದು ಕದ್ದು ನೋಡಿ ಬರುವ ಜಾಗವಾಗಿತ್ತು ಅದು. 2010ರಲ್ಲಿ ಅವನ್ನು ತೊಳೆದು, ಒಪ್ಪವಾಗಿಟ್ಟು ಪ್ರದರ್ಶನಕ್ಕೆ ತೆರೆದರು. ಆ ಫೋಟೋಗಳಲ್ಲಿ ಮಕ್ಕಳೂ ಇದ್ದಾರೆ. ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಕ್ಯಾಮೆರಾ ನೋಡುತ್ತಿರುವ ಮಕ್ಕಳು. ಕುಶಿಂಗ್ ಆಪರೇಷನ್ ಮಾಡಿದ ಜನರಲ್ ಲಿಯೊನಾರ್ಡ್ ವುಡ್ ಹೆಸರು ಚರಿತ್ರೆಯಲ್ಲಿದೆ. ಈ ಮಕ್ಕಳ ಹೆಸರು ನಮಗೆ ಗೊತ್ತಿಲ್ಲ.

ನಮ್ಮ ಲೆಕ್ಕ ಎಲ್ಲಿದೆ?

ಆ ಪರಂಪರೆಯ ಒಂದು ಕವಲು ನಮ್ಮ ಹತ್ತಿರಕ್ಕೂ ಬಂತು. ಬ್ರಿಗಮ್‌ನಲ್ಲಿ ಕುಶಿಂಗ್ ಕೆಳಗೆ ಸ್ವಲ್ಪ ಕಾಲ ದುಡಿದಿದ್ದ ವೈಲ್ಡರ್ ಪೆನ್‌ಫೀಲ್ಡ್ ಮಾಂಟ್ರಿಯಲ್‌ನಲ್ಲಿ ಸಂಸ್ಥೆ ಕಟ್ಟಿದ. ಅಲ್ಲಿ ಕಲಿತ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ನರಶಸ್ತ್ರಚಿಕಿತ್ಸೆ ಶುರು ಮಾಡಿದರು. 1950ರ ದಶಕದ ಕೊನೆಗೆ, ಮುಂದೆ ನಿಮ್ಹಾನ್ಸ್ ಆದ ಬೆಂಗಳೂರಿನ ಸಂಸ್ಥೆಯಲ್ಲಿ ಡಾ. ಆರ್. ಎಂ. ವರ್ಮ ಈ ವಿಭಾಗ ಕಟ್ಟಿದರು. ವಿದ್ಯೆ ಬಂತು, ಯಂತ್ರಗಳು ಬಂದವು. ಕೈಚಳಕದಲ್ಲಿ ನಮ್ಮ ಸರ್ಜನ್‌ಗಳು ಯಾರಿಗೂ ಕಮ್ಮಿ ಇಲ್ಲ.

ಕೊರತೆ ಇರುವುದು ಲೆಕ್ಕದಲ್ಲಿ. ಬೆಂಗಳೂರಿನ ಕಿದ್ವಾಯಿಯಲ್ಲಿ 1980ರ ದಶಕದಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ, ದೊಡ್ಡ ಕೆಲಸ. ಆದರೆ ಊರಿನಲ್ಲಿ ಎಷ್ಟು ಜನಕ್ಕೆ ಕಾಯಿಲೆ ಬಂತು ಅನ್ನುವುದು ಒಂದು ಲೆಕ್ಕ. ಈ ಆಸ್ಪತ್ರೆಯಲ್ಲಿ ಆಪರೇಷನ್ ಆದ ಮಕ್ಕಳಲ್ಲಿ ಎಷ್ಟು ಮಂದಿಗೆ ಕಣ್ಣು ಉಳಿಯಿತು, ಎಷ್ಟು ಮಂದಿ ಐದು ವರ್ಷದ ಮೇಲೆ ಶಾಲೆಯಲ್ಲಿದ್ದಾರೆ ಅನ್ನುವುದು ಬೇರೆಯದೇ ಲೆಕ್ಕ. ಕ್ರೇನಿಯೋಫ್ಯಾರಿಂಜಿಯೋಮ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ. ಇಷ್ಟು ಅಪರೂಪದ್ದನ್ನು ಯಾವ ಒಬ್ಬ ಸರ್ಜನ್ನೂ ಒಂಟಿಯಾಗಿ ಕಲಿಯಲಾರರು. ಎಲ್ಲರೂ ಬರೆದು, ಹಂಚಿಕೊಂಡರೆ ಮಾತ್ರ ಕಲಿಕೆ. ಪೂರ್ತಿ ತೆಗೆಯುವುದು ಮೇಲಾ, ಅಥವಾ ಹೈಪೋಥಲಾಮಸ್‌ಗೆ ಅಂಟಿದ ಭಾಗ ಬಿಟ್ಟು ರೇಡಿಯೇಷನ್ ಕೊಡುವುದು ಮೇಲಾ ಅನ್ನುವ ದೊಡ್ಡ ವಾದ ತಿಳಿಯಾಗಿದ್ದೂ ಹೀಗೆ ಬರೆದಿಟ್ಟ ಲೆಕ್ಕದಿಂದಲೇ. ಪೂರ್ತಿ ತೆಗೆದ ಎಷ್ಟೋ ಮಕ್ಕಳು ಗಡ್ಡೆ ಇಲ್ಲದೆ ಬದುಕಿದರು. ಆದರೆ ತಣಿಯದ ಹಸಿವು, ಇಳಿಯದ ತೂಕ, ಮಂಕಾದ ನೆನಪಿನ ಜೊತೆಗೆ.

ನಮ್ಮ ಹುಡುಗಿ ಈಗ ಪಿಯುಸಿ. ಒಂದು ಕಣ್ಣಿನ ಹೊರಬದಿ ಕಾಣುವುದಿಲ್ಲ, ಹಾಗಾಗಿ ರಸ್ತೆ ದಾಟುವಾಗ ಪೂರ್ತಿ ತಿರುಗಿ ನೋಡ್ತಾಳೆ. ಬೆಳಗ್ಗೆ ಹೈಡ್ರೋಕಾರ್ಟಿಸೋನ್, ಥೈರಾಯ್ಡ್ ಮಾತ್ರೆ, ರಾತ್ರಿ ನೀರಡಿಕೆ ತಡೆಯುವ ಮಾತ್ರೆ. ಜ್ವರ ಬಂದರೆ ಡೋಸ್ ಹೆಚ್ಚಿಸಬೇಕು, ತಪ್ಪಿದರೆ ಜೀವಕ್ಕೆ ಅಪಾಯ ಅಂತ ಅವಳ ಗೆಳತಿಯರಿಗೂ ಗೊತ್ತು. ಆಪರೇಷನ್‌ಗೆ ಯೋಜನೆಯ ಕಾರ್ಡು ನಡೆಯಿತು. ಆಮೇಲಿನ ಜೀವಮಾನದ ಮಾತ್ರೆ ಅಕ್ಕನ ಟೈಲರಿಂಗ್ ಮೆಷಿನ್ನಿನಿಂದ ನಡೆಯುತ್ತಿದೆ. ಆಪರೇಷನ್ ಮಾಡಿಸಿದ್ದನ್ನು ಸರ್ಕಾರ ಎಣಿಸುತ್ತದೆ. ಮಗು ಬದುಕುತ್ತಿರುವುದನ್ನು ಯಾರು ಎಣಿಸುತ್ತಾರೆ?

ಈಚೆಗೆ ಅವಳ ಹಳೆಯ ಕಾಗದ ಹುಡುಕುವಾಗ ಶಾಲೆಯ ಆರೋಗ್ಯ ತಪಾಸಣೆ ಕಾರ್ಡು ಸಿಕ್ಕಿತು. ಮೂರನೇ ಕ್ಲಾಸಿನ ಎತ್ತರ, ಐದನೇ ಕ್ಲಾಸಿನ ಎತ್ತರ ಎರಡನ್ನೂ ನೀಲಿ ಶಾಯಿಯಲ್ಲಿ ನೀಟಾಗಿ ಬರೆದಿದ್ದಾರೆ. ಎರಡು ವರ್ಷದಲ್ಲಿ ಬೆಳೆದದ್ದು ಒಂದೇ ಸೆಂಟಿಮೀಟರ್. ಬರೆದವರೂ ನೋಡಲಿಲ್ಲ, ಸಹಿ ಹಾಕಿದ ನಾವೂ ನೋಡಲಿಲ್ಲ.

ಕುಶಿಂಗ್ ತನ್ನ ವಾರ್ಡಿನ ಲೆಕ್ಕ ಇಟ್ಟು ದೊಡ್ಡವನಾದ. ಎಲ್ಲ ಆಸ್ಪತ್ರೆಗಳೂ ಲೆಕ್ಕ ಕೊಡಲಿ ಅಂದ ಕಾಡ್‌ಮನ್ ಮೂಲೆಗುಂಪಾದ. ನಮಗೆ ಈಗ ಬೇಕಿರುವುದು ಆ ಎರಡನೆಯವನ ಬೇಡಿಕೆ. ಸಾರ್ವಜನಿಕ ಹಣ ಪಡೆಯುವ ಪ್ರತಿ ಆಸ್ಪತ್ರೆಯೂ, ಸರ್ಕಾರಿ ಇರಲಿ ಖಾಸಗಿ ಇರಲಿ, ಮಕ್ಕಳ ಇಂಥ ಆಪರೇಷನ್‌ಗಳ ಫಲಿತಾಂಶವನ್ನು, ಹೆಸರು ಮುಚ್ಚಿ, ವರ್ಷಕ್ಕೊಮ್ಮೆ ಜನರ ಮುಂದಿಡಲಿ. ಜೀವಮಾನದ ಹಾರ್ಮೋನು ಮಾತ್ರೆ ಯೋಜನೆಯೊಳಗೆ ಬರಲಿ. ಶಾಲೆಯಲ್ಲಿ ಬರೆದ ಎತ್ತರವನ್ನು ಯಾರಾದರೂ ಹೋಲಿಸಿ ನೋಡಲಿ. ಚುನಾವಣೆಯಲ್ಲಿ ಆಸ್ಪತ್ರೆ ಕಟ್ಟಡದ ಫೋಟೋ ತೋರಿಸಿ ವೋಟು ಕೇಳಲು ಬಂದವರನ್ನು ಮುಂದಿನ ಸಲ ನೀವು ಒಂದೇ ಪ್ರಶ್ನೆ ಕೇಳಿ. ಆ ಕಟ್ಟಡದಿಂದ ಮನೆಗೆ ಹೋದ ಮಕ್ಕಳು ಈಗ ಹೇಗಿದ್ದಾರೆ?